ಮರದ ಡ್ರೈವರ್, ಟೈಟಾನಿಯಂ ಡ್ರೈವರ್ ಮತ್ತು ನನ್ನ ಹ್ಯಾಂಡಿಕ್ಯಾಪ್

ಗಾಲ್ಫ್ ಜಾಹೀರಾತುಗಳನ್ನು ನಂಬಿದರೆ ಪ್ರತಿ ವರ್ಷದ ಹೊಸ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು), ಹತ್ತು ಗಜ ದೂರ ಹೆಚ್ಚಿಸುತ್ತದೆ. ಆ ಲೆಕ್ಕದಲ್ಲಿ ಬೆಂಗಳೂರಿನ ಟೀಯಿಂದ (ಮೊದಲ ಹೊಡೆತದ ಜಾಗ) ನಾನು ಹೊಡೆದ ಚೆಂಡು ಇಷ್ಟು ಹೊತ್ತಿಗೆ ಹೊಸೂರಿನಲ್ಲಿ ಬೀಳಬೇಕಿತ್ತು. ಬೀಳುತ್ತಿಲ್ಲ. ಆದ್ದರಿಂದ ಮಾವನವರ ಕಾಲದ ಕ್ಲಬ್ ಸೆಟ್ಟನ್ನೂ ಈಚೆಗೆ ಕೊಂಡ ಸೆಟ್ಟನ್ನೂ ಒಂದೇ ಬಗೆಯ ಚೆಂಡಿನಿಂದ ಆಡಿ ನೋಡಿದೆ. ಚೆಂಡು ಬದಲಾದರೆ ಹೋಲಿಕೆಗೆ ಅರ್ಥವಿಲ್ಲ. 2000ದ ನಂತರ ಕ್ಲಬ್‌ನಷ್ಟೇ ಚೆಂಡೂ ಬದಲಾಗಿದೆ. ನನ್ನ ಹ್ಯಾಂಡಿಕ್ಯಾಪ್ (ನಿಗದಿತ ಹೊಡೆತಗಳಿಗಿಂತ ಸುಮಾರು ಎಷ್ಟು ಹೆಚ್ಚು ಬೇಕು ಎಂಬ ಲೆಕ್ಕ) ಹದಿನೆಂಟರ ಆಸುಪಾಸು, ಅಂದರೆ ವಾರಾಂತ್ಯದ ಆಟಗಾರ.

ಮೊದಲು ಡ್ರೈವರ್. ಹಳೆಯದು ಪರ್ಸಿಮನ್ ಮರದ್ದು, ತಲೆಯ ಗಾತ್ರ 200 ಸಿಸಿಗೂ ಕಡಿಮೆ, ಕಡ್ಡಿ ಉಕ್ಕಿನದು. ಹೊಸದು ಟೈಟಾನಿಯಂ, ನಿಯಮ ಒಪ್ಪುವ ಗರಿಷ್ಠ 460 ಸಿಸಿ. ಗ್ರಾಫೈಟ್ ಕಡ್ಡಿಯ ತೂಕ ಉಕ್ಕಿನದರ ಅರ್ಧದಷ್ಟು. ಚೆಂಡು ಮುಖದ ನಡುವಿಗೆ ತಾಗಿದಾಗಲೂ ಹೊಸದೇ ಮುಂದೆ, ಆದರೆ ನಾನು ಎಣಿಸಿದಷ್ಟು ಮುಂದೆ ಅಲ್ಲ. ನಿಜವಾದ ಅಂತರ ತಿಳಿಯುವುದು ತಪ್ಪಾಗಿ ತಾಗಿದಾಗ. ಮರದ ಡ್ರೈವರ್‌ನ ಹಿಮ್ಮಡಿಗೆ (ಕಡ್ಡಿಯ ಕಡೆಯ ಅಂಚಿಗೆ) ತಾಗಿದ ಚೆಂಡು ಜೀವ ಕಳೆದುಕೊಂಡು ಬಲಗಡೆಯ ಮರಗಳ ಸಾಲಿಗೆ ಹೋಗಿ ಕೂರುತ್ತದೆ. ಟೈಟಾನಿಯಂನಲ್ಲಿ ತೂಕವನ್ನು ಅಂಚಿಗೂ ಹಿಂಬದಿಗೂ ಸರಿಸಿರುವುದರಿಂದ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಅದೇ ಹೊಡೆತ ರಫ್‌ನ (ಉದ್ದ ಹುಲ್ಲಿನ) ಅಂಚಿನಲ್ಲಿ ನಿಲ್ಲುತ್ತದೆ, ಮುಂದಿನ ಹೊಡೆತಕ್ಕೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಕಾಣಿಸುತ್ತದೆ. ಆದರೆ ಮುಖ ತೆರೆದುಕೊಂಡು ಬಂದರೆ ಸ್ಲೈಸ್ (ಬಲಕ್ಕೆ ಬಾಗಿ ಹೋಗುವ ಹೊಡೆತ) ಎರಡರಲ್ಲೂ ಸ್ಲೈಸೇ. ಅದಕ್ಕೆ ಟೈಟಾನಿಯಂ ಮದ್ದಲ್ಲ.

ಮೂರನೆಯದನ್ನೂ ಸೇರಿಸಿದೆ: ಗೆಳೆಯನ ಬಳಿಯಿದ್ದ, ಸುಮಾರು ಹತ್ತು ವರ್ಷ ಹಳೆಯ ಟೈಟಾನಿಯಂ ಡ್ರೈವರ್. ಅದಕ್ಕೂ ಹೊಸದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸ ಬೆಲೆ ಮತ್ತು ಬಣ್ಣ. ಇದರಲ್ಲಿ ಆಶ್ಚರ್ಯವಿಲ್ಲ. ತಲೆಯ ಗಾತ್ರ, ಮುಖದ ಪುಟಿತ, ತಿರುಚಿಕೊಳ್ಳದ ಗುಣ ಎಲ್ಲಕ್ಕೂ ಗಾಲ್ಫ್ ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು ಮಿತಿ ಹಾಕಿ ಬಹಳ ಕಾಲವಾಯಿತು. ತಯಾರಕರು ಆ ಗೋಡೆಗೆ ಬೆನ್ನು ಒರಗಿಸಿಯೇ ಪ್ರತಿ ವರ್ಷ ಹೊಸ ಹೆಸರು ಹುಡುಕುತ್ತಿದ್ದಾರೆ.

ಐರನ್‌ಗಳ (ನಂಬರು ಹೆಚ್ಚಿದಂತೆ ದೂರ ಕಡಿಮೆಯಾಗುವ ಲೋಹದ ಕ್ಲಬ್‌ಗಳು) ಕಥೆ ಇದಕ್ಕಿಂತ ಸ್ವಾರಸ್ಯಕರ. ಹೊಸ ಸೆಟ್ಟಿನ ಏಳನೇ ನಂಬರಿನಿಂದ ಚೆಂಡು ಹಳೆಯ ಏಳಕ್ಕಿಂತ ಬಹಳ ದೂರ ಹೋಯಿತು, ಅಂಗಡಿಯವನ ದೂರ ಅಳೆಯುವ ಮಾನಿಟರ್ ಕೂಡ ಹಾಗೇ ಹೇಳಿತ್ತು. (ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿಯ ತೆಳು ಗಾಳಿಯಲ್ಲಿ ಪಡೆದ ಅಂಕಿಯನ್ನು ಮಂಗಳೂರಿಗೆ ಒಯ್ದು ಕೊಚ್ಚಿಕೊಳ್ಳಬೇಡಿ.) ಆದರೆ ಲಾಫ್ಟ್ (ಮುಖದ ಓರೆ, ಕಡಿಮೆಯಾದಷ್ಟೂ ದೂರ ಹೆಚ್ಚು) ನೋಡಿ. ಹಳೆಯ ಏಳರ ಮುಖ ಸುಮಾರು 36 ಡಿಗ್ರಿ ಬಾಗಿರುತ್ತಿತ್ತು, ನನ್ನ ಹೊಸದರದು 29. ಅಂದರೆ ಹಳೆಯ ಐದನೇ ನಂಬರನ್ನೇ ತಂದು ಏಳು ಎಂದು ಅಚ್ಚೊತ್ತಿದಂತೆ. ಹಾಗಾಗಿ ಹೊಸ ಏಳನ್ನು ಹಳೆಯ ಐದರ ಎದುರಿಗೇ ಇಟ್ಟೆ. ದೂರದ ಅಂತರ ಬಹುಪಾಲು ಕರಗಿಹೋಯಿತು.

ಇಷ್ಟಕ್ಕೇ ಮೋಸ ಎಂದು ಕೂಗುವುದೂ ನ್ಯಾಯವಲ್ಲ. ಹಳೆಯ ಐದರಿಂದ ಚೆಂಡು ತಗ್ಗಿನಲ್ಲಿ ಹೋಗಿ ಗ್ರೀನ್ ಮೇಲೆ ನಿಲ್ಲದೆ ಉರುಳುತ್ತಿತ್ತು. ಹೊಸ ಏಳರ ಗುರುತ್ವಕೇಂದ್ರ ಕೆಳಗಿರುವುದರಿಂದ ಚೆಂಡು ಎತ್ತರಕ್ಕೆ ಏರಿ ಇಳಿಯುತ್ತದೆ. ತುದಿಗೆ ತಾಗಿದರೆ ಹಳೆಯ ಬ್ಲೇಡ್‌ನಲ್ಲಿ (ತೆಳುವಾದ ಗಟ್ಟಿ ತಲೆಯ ಐರನ್) ಕೈಬೆರಳು ಜುಮ್ಮೆನ್ನುತ್ತದೆ, ಹಿಂಬದಿ ಟೊಳ್ಳಾಗಿರುವ ಹೊಸ ಐರನ್‌ನಲ್ಲಿ ತಾಗಿದ್ದೇ ತಿಳಿಯುವುದಿಲ್ಲ. ತೂಕವನ್ನು ಅಂಚಿಗೆ ಹಂಚುವ ಈ ಉಪಾಯ ಹೊಸದೇನೂ ಅಲ್ಲ. ಪಿಂಗ್ ಕಂಪನಿಯ ಕಾರ್ಸ್ಟನ್ ಸೋಲ್‌ಹೈಮ್ 1960ರ ದಶಕದಲ್ಲೇ ಅದನ್ನು ಮಾಡಿ ತೋರಿಸಿದ್ದರು. ಲಾಫ್ಟ್ ಬಿಗಿಗೊಳಿಸಿದ್ದರ ದಂಡ ಮಾತ್ರ ಸೆಟ್ಟಿನ ಕೆಳಗಿನ ತುದಿಯಲ್ಲಿ, ಹತ್ತಿರದ ಹೊಡೆತಕ್ಕಿರುವ ವೆಜ್‌ಗಳಲ್ಲಿ, ತೆರಬೇಕು: ಪಿಚಿಂಗ್ ವೆಜ್ 43 ಡಿಗ್ರಿಗೆ ಬಂದು, ಅದಕ್ಕೂ ಸ್ಯಾಂಡ್ ವೆಜ್‌ಗೂ ನಡುವೆ ದೊಡ್ಡ ಕಂದಕ ಬಿತ್ತು. ಅದನ್ನು ತುಂಬಲು ಇನ್ನೊಂದು ವೆಜ್ ಕೊಳ್ಳಬೇಕಾಯಿತು, ಅದನ್ನು ಮಾರುವವರೂ ಅವರೇ!

ಮೂರನೇ ಐರನ್ ಬದಲಿಗೆ ಹೈಬ್ರಿಡ್ (ಐರನ್ ಮತ್ತು ಡ್ರೈವರ್ ಜಾತಿಯ ಕ್ಲಬ್‌ನ ಬೆರಕೆ): ಇದರಲ್ಲಿ ವಾದವೇ ಇಲ್ಲ, ಹೊಸದೇ ಮೇಲು. ವೆಜ್‌ಗಳಲ್ಲಿ ಗೀರುಗಳು ಸವೆಯದೆ ಚೂಪಾಗಿದ್ದರೆ ಸಾಕು, ಇಸವಿ ಯಾವುದಾದರೇನು.

ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ವಿಷಯದಲ್ಲಿ ನನಗೆ ಏನೂ ಬದಲಾಗಲಿಲ್ಲ. ದೊಡ್ಡ ತಲೆಯ ಹೊಸ ಮ್ಯಾಲೆಟ್ಟಿಗೂ ಮಾವನವರ ತೆಳುವಾದ ಬ್ಲೇಡಿಗೂ ಒಂದೇ ಗ್ರೀನ್‌ನಲ್ಲಿ ಮೂರು ಸಲ ಪಟ್ ಮಾಡಬೇಕಾಗುವುದು ಒಂದೇ ಸಮ. ಆದರೆ ಆಟ ನಿರ್ಧಾರವಾಗುವುದು ಅಲ್ಲೇ ಹೆಚ್ಚು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಡ್ರೈವ್ ದೂರದಲ್ಲಿ ಬಹುತೇಕ ಎಲ್ಲರಿಗಿಂತ ಹಿಂದಿದ್ದರು. ಪಟಿಂಗ್ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಈಗ ನನ್ನ ಚೀಲದಲ್ಲಿ ಇರುವುದು ಗೆಳೆಯನಿಂದ ಕೊಂಡ ಆ ಹಳೆಯ ಟೈಟಾನಿಯಂ ಡ್ರೈವರ್, ಒಂದು ಹೈಬ್ರಿಡ್, ಹೊಸ ಐರನ್‌ಗಳು, ಮಾವನವರ ಪಟರ್. ಟೀಯಿಂದ ಚೆಂಡು ಕಳೆಯುವುದು ಕಡಿಮೆಯಾಗಿ ಸ್ಕೋರಿನಲ್ಲಿ ಎರಡು ಮೂರು ಹೊಡೆತ ಇಳಿದಿವೆ. ಹೊಸ ಡ್ರೈವರ್ ಮಾರಾಟಕ್ಕಿದೆ.