ಸೆಷೆಲ್ಸ್ ದ್ವೀಪಗಳ ಸುತ್ತ ಏಳು ರಾತ್ರಿ: ಒಂದು ಸಣ್ಣ ಹಡಗಿನ ವಿಮರ್ಶೆ

ಸೆಷೆಲ್ಸ್‌ನ ಒಳದ್ವೀಪಗಳನ್ನು ಏಳು ರಾತ್ರಿಗಳಲ್ಲಿ ಸುತ್ತಿಸುವ ಸಣ್ಣದೊಂದು ಐಷಾರಾಮಿ ಹಡಗಿನಲ್ಲಿ ನಾನು ಮತ್ತು ನನ್ನ ಪತ್ನಿ ಜುಲೈ ತಿಂಗಳಲ್ಲಿ ಪ್ರಯಾಣ ಮಾಡಿದೆವು. ನಲವತ್ತಕ್ಕೂ ಕಡಿಮೆ ಪ್ರಯಾಣಿಕರಿದ್ದ ಆ ಹಡಗಿನಲ್ಲಿ ಈಜುಕೊಳವಾಗಲಿ, ರಂಗಮಂದಿರವಾಗಲಿ, ಅಂಗಡಿಗಳ ಸಾಲಾಗಲಿ ಇರಲಿಲ್ಲ. ಇಬ್ಬರಿಗೆ ತೆತ್ತ ಹಣಕ್ಕೆ ಊರಿನಲ್ಲಿ ಒಂದು ಕಾರು ಬರುತ್ತಿತ್ತಾದ್ದರಿಂದ, ಇಷ್ಟಕ್ಕೆ ಅಷ್ಟು ಕೊಡಬೇಕಿತ್ತೇ ಎಂದು ಮೊದಲ ಸಂಜೆ ನಮಗೆ ಅನ್ನಿಸಿದ್ದು ನಿಜ. ಮೂರನೆಯ ದಿನ ಕಸಿನ್ ದ್ವೀಪದ ಮರಳಿಗೆ ಕಾಲಿಟ್ಟ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಕಸಿನ್‌ನ ವಿಸ್ತಾರ ಸುಮಾರು 27 ಹೆಕ್ಟೇರ್ ಮಾತ್ರ. ಒಂದು ಕಾಲಕ್ಕೆ ತೆಂಗಿನ ತೋಟವಾಗಿದ್ದ ಇದನ್ನು 1968ರಲ್ಲಿ ಹಕ್ಕಿಗಳ ರಕ್ಷಣೆಗೆಂದೇ ಖರೀದಿಸಲಾಯಿತು. ಜಗತ್ತಿನಲ್ಲೇ ಮೂವತ್ತರ ಆಸುಪಾಸಿಗೆ ಕುಸಿದಿದ್ದ ಸೆಷೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಇಲ್ಲಿ ಚೇತರಿಸಿಕೊಂಡು, ಇಂದು ಹಲವು ದ್ವೀಪಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದೆ. ಇಲಿಗಳು ಒಳಬರಬಾರದೆಂಬ ಕಾರಣಕ್ಕೆ ಹೊರಗಿನ ಯಾವ ದೋಣಿಗೂ ಇಲ್ಲಿ ದಡ ಮುಟ್ಟಲು ಅನುಮತಿಯಿಲ್ಲ. ನಮ್ಮ ಹಡಗಿನ ರಬ್ಬರು ದೋಣಿ ನೀರಿನಲ್ಲೇ ನಿಂತಿತು; ದ್ವೀಪದ ಕಾವಲುಗಾರರು ತಮ್ಮ ದೋಣಿಯನ್ನು ತಂದು ನಮ್ಮನ್ನು ಹತ್ತಿಸಿಕೊಂಡು, ಸರಿಯಾದ ತೆರೆಗಾಗಿ ಕಾದು, ಒಂದೇ ಓಟದಲ್ಲಿ ದೋಣಿಯನ್ನು ಮರಳಿನ ಮೇಲಕ್ಕೆ ನುಗ್ಗಿಸಿದರು. ಮಲ್ಪೆಯಲ್ಲಿ ನಾಡದೋಣಿಗಳು ದಡಕ್ಕೆ ಬರುವುದನ್ನು ಚಿಕ್ಕಂದಿನಿಂದ ನೋಡಿದ ನಾನೂ ಆ ಕ್ಷಣದಲ್ಲಿ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಕಾಡಿನೊಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮಾರ್ಗದರ್ಶಕಿ ಕೈ ಎತ್ತಿ ನಮ್ಮನ್ನು ನಿಲ್ಲಿಸಿದರು. ಎದೆಯೆತ್ತರದ ಒಂದು ಬೋಳು ಕೊಂಬೆಯ ಸಣ್ಣ ತಗ್ಗಿನಲ್ಲಿ, ಒಂದು ಕಡ್ಡಿಯ ಆಸರೆಯೂ ಇಲ್ಲದೆ, ಒಂದೇ ಒಂದು ಚುಕ್ಕೆಮೊಟ್ಟೆ. ಅದರ ಮೇಲೆ ಅಚ್ಚ ಬಿಳಿಯ ರೀವಹಕ್ಕಿ ಕುಳಿತಿತ್ತು. ಈ ಜಾತಿಯ ಹಕ್ಕಿ ಗೂಡು ಕಟ್ಟುವುದೇ ಇಲ್ಲ. ನಮ್ಮ ನಡುವೆ ಒಂದು ಮಾರಿನ ಅಂತರವೂ ಇರಲಿಲ್ಲ, ಆದರೂ ಅದು ಏಳಲಿಲ್ಲ. ಕಪ್ಪು ಕಣ್ಣನ್ನು ನಮ್ಮತ್ತ ಹೊರಳಿಸಿ, ಗಾಳಿಗೆ ಕೊಂಬೆ ತೂಗಿದಾಗ ಕಾಲನ್ನು ತುಸು ಸರಿಸಿ ಮೊಟ್ಟೆಯನ್ನು ಒತ್ತಿ ಹಿಡಿಯಿತು. ನನ್ನ ಪತ್ನಿ ಫೋನನ್ನು ಚೀಲದಿಂದ ಹೊರತೆಗೆಯಲೇ ಇಲ್ಲ. ನಮ್ಮ ತಂಡದಲ್ಲಿ ಇದ್ದವರು ಹತ್ತು ಮಂದಿ. ಸಾವಿರಾರು ಜನರನ್ನು ಹೊತ್ತು ತರುವ ದೊಡ್ಡ ಹಡಗಿನಿಂದ ಇಂಥ ನೋಟ ಸಾಧ್ಯವಿಲ್ಲ, ಮತ್ತು ಸಣ್ಣ ಹಡಗಿನ ಟಿಕೆಟ್ಟಿಗೆ ನಾವು ಕೊಡುವ ಹೆಚ್ಚಿನ ಹಣ ನಿಜವಾಗಿ ಸಲ್ಲುವುದು ಇದಕ್ಕೇ.

ಹಡಗಿನ ಸಿಬ್ಬಂದಿಯ ಬಗ್ಗೆ ನನಗೆ ಒಳ್ಳೆಯ ಮಾತಲ್ಲದೆ ಬೇರೆ ಇಲ್ಲ. ಕೋಣೆ ಚಿಕ್ಕದಾದರೂ ಅಚ್ಚುಕಟ್ಟಾಗಿತ್ತು. ಕೆಳ ಅಂತಸ್ತಿನ ಹಿಂಭಾಗದ ಕೋಣೆಗಳಿಗೆ ಮಾತ್ರ ರಾತ್ರಿಯಿಡೀ ಜನರೇಟರಿನ ಸದ್ದು ಕೇಳುತ್ತದೆ, ಆದ್ದರಿಂದ ಕಾಯ್ದಿರಿಸುವಾಗಲೇ ನಡುಭಾಗದ ಕೋಣೆಯನ್ನು ಕೇಳಿ ಪಡೆಯುವುದು ಒಳಿತು.

ಪ್ರಾಲಿನ್ ದ್ವೀಪದ ವಾಲೆ ಡೆ ಮೇ ಕಾಡಿಗೆ ಒಂದೂವರೆ ಗಂಟೆಯಷ್ಟೇ ಸಮಯ ಕೊಟ್ಟದ್ದು ನನಗೆ ಬಹಳ ಬೇಸರ ತಂದಿತು. 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಾಡು ಕಡಲತೆಂಗಿನ ತವರು. ಪ್ರಾಲಿನ್ ಮತ್ತು ಪಕ್ಕದ ಕ್ಯೂರಿಯೂಸ್ ಬಿಟ್ಟರೆ ಈ ಮರ ಸಹಜವಾಗಿ ಬೇರೆಲ್ಲೂ ಬೆಳೆಯುವುದಿಲ್ಲ. ಸಸ್ಯಲೋಕದ ಅತಿ ದೊಡ್ಡ ಬೀಜ ಇದರದು, ಕಾಯಿ ಬಲಿಯಲು ಆರೇಳು ವರ್ಷ ಬೇಕು. ನಮ್ಮ ನಾಡಿನ ಸಾಧುಗಳ ಕೈಯಲ್ಲಿ ಕಾಣುವ ಕರಿಯ ಕಮಂಡಲಗಳಲ್ಲಿ ಎಷ್ಟೋ ಈ ಕಾಯಿಯ ಚಿಪ್ಪಿನವು. ತಾಯಿಮರವನ್ನು ಯಾರೂ ಕಾಣದ ಕಾಲದಲ್ಲಿ, ಅಲೆಗಳು ದಡಕ್ಕೆ ತಂದು ಹಾಕಿದ ಕಾಯಿಗಳನ್ನು ಜನ ಕಡಲೊಳಗಿನ ಮರದ ಫಲವೆಂದು ನಂಬಿದ್ದರು. ಆ ಮರದ ಬುಡದಲ್ಲಿ ನಿಂತು, ತೆಂಗಿನ ಗರಿಯಂತಲ್ಲದೆ ಬೃಹತ್ ಬೀಸಣಿಗೆಯಂತೆ ಹರಡಿದ ಎಲೆಗಳು ಗಾಳಿಗೆ ಒಂದಕ್ಕೊಂದು ತಾಗಿ ತಗಡಿನಂತೆ ಸದ್ದು ಮಾಡುವುದನ್ನು ಕೇಳುತ್ತಿರುವಾಗಲೇ ವಾಪಸಾಗುವಂತೆ ಕರೆ ಬಂತು. ಅಲ್ಲಿ ಅರ್ಧ ದಿನವನ್ನಾದರೂ ಕೊಡಬೇಕಿತ್ತು.

ಕ್ಯೂರಿಯೂಸ್‌ನಲ್ಲಿ ದೈತ್ಯ ಆಮೆಗಳಿವೆ, ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ನೆಲೆಯ ಅವಶೇಷಗಳಿವೆ. ಲಾ ಡೀಗ್‌ನಲ್ಲಿ ಸೈಕಲ್ ಏರಿ ಸುತ್ತುವುದು ಹಿತವಾಗಿದೆ. ಅಲ್ಲಿನ ದಡದ ಗುಂಡುಬಂಡೆಗಳು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ಭಾರತದ ನೆಲಕ್ಕೆ ಅಂಟಿಕೊಂಡಿದ್ದ ಈ ಭಾಗ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಕಳಚಿಕೊಂಡಿತು ಎಂಬುದನ್ನು ತಿಳಿದು ಅವುಗಳನ್ನು ಮುಟ್ಟಿದಾಗ ಮನಸ್ಸಿಗೆ ಬೇರೆಯದೇ ಭಾವ ಬಂತು.

ಸಸ್ಯಾಹಾರಿಗಳೆಂದು ಮುಂಚೆಯೇ ಬರೆದು ತಿಳಿಸಿದ್ದರೂ ಮೊದಲೆರಡು ದಿನ ನಮಗೆ ಸಿಕ್ಕಿದ್ದು ಬೇಯಿಸಿದ ತರಕಾರಿ ಮತ್ತು ಪಾಸ್ತಾ. ನೇರವಾಗಿ ಅಡುಗೆಯವರ ಬಳಿ ಮಾತಾಡಿದ ಮೇಲೆ ಎಲ್ಲವೂ ಬದಲಾಯಿತು. ಸ್ಥಳೀಯರಾದ ಅವರು ತೆಂಗಿನ ಹಾಲಿನಲ್ಲಿ ಬದನೆಯ ಮೇಲೋಗರ, ಬೇಳೆಸಾರು, ಜೀಗುಜ್ಜೆಯ ತೆಳು ಹೋಳುಗಳನ್ನು ಕರಿದ ಚಿಪ್ಸ್, ಜಾಯಿಕಾಯಿ ಹಾಕಿದ ಬಾಳೆಹಣ್ಣಿನ ಲಾಡೋಬ್ ಎಂಬ ಪಾಯಸ ಮಾಡಿ ಬಡಿಸಿದರು. ಜೀಗುಜ್ಜೆ ಪೋಡಿ ತಿಂದು ಬೆಳೆದ ಉಡುಪಿಯವರಿಗೆ ಇದಕ್ಕಿಂತ ಹತ್ತಿರದ ರುಚಿ ಆ ಕಡಲಿನಲ್ಲಿ ಬೇರೆ ಸಿಗಲಾರದು.

ಒಂದು ವಿಷಯದಲ್ಲಿ ಮಾತ್ರ ಸಂಸ್ಥೆಯನ್ನು ಕ್ಷಮಿಸುವುದು ನನಗೆ ಕಷ್ಟವಾಗಿದೆ. ಮಾಹಿತಿ ಪುಸ್ತಿಕೆಯಲ್ಲಿ ಅರೀಡ್ ದ್ವೀಪಕ್ಕೆ ಇಳಿಯುವುದು ಐದನೆಯ ದಿನದ ಮುಖ್ಯ ಕಾರ್ಯಕ್ರಮವಾಗಿತ್ತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಸುವ ಆಗ್ನೇಯ ಮಾರುತಕ್ಕೆ ಅಲ್ಲಿನ ದಡದಲ್ಲಿ ತೆರೆಗಳು ಎದ್ದು, ಇಳಿಯುವುದು ಬಹುಮಟ್ಟಿಗೆ ಆಗುವುದಿಲ್ಲವೆಂದು ಹಡಗಿನ ನಾವಿಕರೇ ನಮಗೆ ಹೇಳಿದರು. ನಾವಿಕರಿಗೆ ತಿಳಿದಿದ್ದ ಈ ಸಂಗತಿ ಜುಲೈ ತಿಂಗಳ ಟಿಕೆಟ್ ಮಾರುವವರಿಗೆ ತಿಳಿದಿರಲಿಲ್ಲವೆಂದು ನಂಬುವುದು ಹೇಗೆ? ಸೆಷೆಲ್ಸ್‌ನ ಮುಖ್ಯ ದ್ವೀಪವಾದ ಮಾಹೆಯಿಂದ ಪ್ರಾಲಿನ್‌ಗೆ ಹೋಗುವ ರಾತ್ರಿಯೂ ಇದೇ ಗಾಳಿಯಿಂದಾಗಿ ಅರ್ಧಕ್ಕರ್ಧ ಪ್ರಯಾಣಿಕರು ವಾಂತಿ ಮಾಡಿಕೊಂಡು ಊಟದ ಕೋಣೆಗೆ ಬರಲೇ ಇಲ್ಲ. ಗಾಳಿ ತಗ್ಗಿ ಕಡಲು ಶಾಂತವಾಗಿರುವುದು ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ. ಹೋಗುವವರು ಆ ತಿಂಗಳುಗಳನ್ನೇ ಆರಿಸಿಕೊಳ್ಳಬೇಕು. ಪ್ರತಿ ದ್ವೀಪದಲ್ಲಿ ಎಷ್ಟು ಗಂಟೆ ಇರಿಸುತ್ತಾರೆ, ಇಳಿಯಲಾಗದಿದ್ದರೆ ಬದಲಿಗೆ ಎಲ್ಲಿಗೆ ಒಯ್ಯುತ್ತಾರೆ, ದ್ವೀಪಗಳ ಪ್ರವೇಶ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಬೇಕು. ನಮಗೆ ಶುಲ್ಕದ ಬಿಲ್ ಬಂದದ್ದು ಕೊನೆಯ ದಿನ ಬೆಳಿಗ್ಗೆ, ಪೆಟ್ಟಿಗೆಗಳನ್ನು ಹೊರಗಿಟ್ಟ ಮೇಲೆ.