ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡೋಕೆ ಹಾಕಿಸ್ಕೊಂಡ ಆ್ಯಪ್, 3 ಸ್ಟಾರ್ ಅಷ್ಟೇ

ಒಂದು ತಿಂಗಳ ಪ್ಯಾಕ್ ಹಾಕಿಸ್ದೆ, ಹೆಸರು ಬೇಡ ಬಿಡಿ. ಪಿಕ್ಚರ್ ಸೂಪರ್, ಆದ್ರೆ ಸರಿಯಾಗಿ ಬೆಟ್ಟ ಹತ್ತೋ ಹೊತ್ತಿಗೇ ಬಫರಿಂಗ್, ಕರ್ಮ. ಕಾಮೆಂಟ್ರಿನೇ ದೊಡ್ಡ ತಲೆನೋವು. 2024ರ ಪ್ಲಾಟೊ ಡ ಬೇಯ್ ಬೆಟ್ಟದ ರೇಸಿನ ರೀಪ್ಲೇ ನೋಡ್ದೆ, ಪೊಗಾಚಾರ್ ಅನ್ನೋ ಸೈಕ್ಲಿಸ್ಟ್ ಆ ಬೆಟ್ಟ ಹತ್ತೋದ್ರಲ್ಲಿ ಹಳೇ ಸೈಕ್ಲಿಸ್ಟ್ ಪಂಟಾನಿಯ 1998ರ ರೆಕಾರ್ಡನ್ನ ಮೂರು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಮುರೀತಾನೆ, ಅದೂ ಇಪಿಒ (ರಕ್ತದಲ್ಲಿ ಕೆಂಪು ಕಣ ಹೆಚ್ಚಿಸೋ ನಿಷೇಧಿತ ಮದ್ದು) ಕಾಲದ ರೆಕಾರ್ಡು, ಇವ್ರು ಬರೀ ವಾವ್ ವಾವ್ ಅಂತಾರೆ, ಜನಕ್ಕಿರೋ ಡೋಪಿಂಗ್ ಅನುಮಾನದ ಮಾತೇ ಎತ್ತಲ್ಲ. ಪೊಗಾಚಾರ್ ಯಾವ ಡೋಪ್ ಟೆಸ್ಟಲ್ಲೂ ಸಿಕ್ಕಿಬಿದ್ದಿಲ್ಲ, ಸೈಕಲ್ಲು, ಟೈರು, ಊಟ ಎಲ್ಲಾ ಬದಲಾಗಿದೆ, ಒಪ್ತೀನಿ. ಆದ್ರೆ ಆರ್ಮ್‌ಸ್ಟ್ರಾಂಗ್‌ಗೂ ಹಿಂಗೇ ಚಪ್ಪಾಳೆ ಹೊಡ್ದು 2012ರಲ್ಲಿ ಡೋಪಿಂಗ್‌ಗಾಗಿ ಅವ್ನ ಏಳೂ ಟೂರ್ ಟೈಟಲ್ ಕಿತ್ಕೊಂಡಾಗ ಪೆಚ್ಚಾದವ್ರು ನಾವು, ಈಗ ಹಗ್ಗ ಕಂಡ್ರೂ ಹಾವು ಅನ್ಸುತ್ತೆ. ಮುಂದಿನ ಜುಲೈಗೂ ಹಾಕಿಸ್ತೀನಿ, ಮ್ಯೂಟ್ ಮಾಡ್ಕೊಂಡು.