ಬೆಂಗಳೂರಿನೊಳಗೆ ಟಿಯಾಗೊ ಇವಿ: ಕಾರಿಗಿಂತ ಮೊದಲು ಪ್ಲಗ್ ನೋಡಿ

ನಾನು ಓಡಿಸುತ್ತಿರುವುದು ಟಾಟಾ ಟಿಯಾಗೊ ಇವಿ, ಅಂದರೆ ಎಲೆಕ್ಟ್ರಿಕ್ ಕಾರು. 24 ಕಿಲೋವ್ಯಾಟ್ ಅವರ್, ಅಂದರೆ 24 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ ಇರುವ ಮಾಡೆಲ್. ಮನೆ ವಿಜಯನಗರ, ಆಫೀಸು ಬೆಳ್ಳಂದೂರು. ಎರಡು ವರ್ಷ ದಾಟಿದೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮದುವೆ ಮನೆ, ಕೆ.ಆರ್. ಮಾರ್ಕೆಟ್, ಎಲ್ಲವೂ ಇದರಲ್ಲೇ. ಕಡಿಮೆ ಬೆಲೆಯಲ್ಲಿ ಒಂದು ಚಿಕ್ಕ ಇವಿ ತಗೋಬೇಕು, ಯಾವುದು ಒಳ್ಳೆಯದು ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ? ಅಲ್ಲಿ ನಿಮ್ಮದೇ ಆದ ಪ್ಲಗ್ ಇದೆಯಾ? ಇದೆ ಅಂದರೆ ಮುಂದಿನದೆಲ್ಲ ಸುಲಭ. ಇಲ್ಲ ಅಂದರೆ ಷೋರೂಂಗೆ ಹೋಗುವ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಮೊದಲು ಆಯ್ಕೆಯ ವಿಷಯ. ನನ್ನ ಬಜೆಟ್‌ನಲ್ಲಿ ಇದ್ದದ್ದು ಎರಡೇ ಕಾರು, ಟಿಯಾಗೊ ಮತ್ತು ಎಂಜಿ ಕಾಮೆಟ್. ಟಿಯಾಗೊ ಇವಿ 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ 8.49 ಲಕ್ಷದಿಂದ ಶುರು. ಕಾಮೆಟ್ 2023ರಲ್ಲಿ 7.98 ಲಕ್ಷಕ್ಕೆ ಬಂತು. ಆಮೇಲೆ ಎರಡರ ಬೆಲೆಯೂ ಬದಲಾಗಿದೆ, ನೀವು ಹೋದ ದಿನದ ಆನ್ ರೋಡ್ ಬೆಲೆಯನ್ನೇ ಕೇಳಿ. ಕಾಮೆಟ್ ನೋಡಿದಾಗ ನನಗೆ ನಮ್ಮೂರಿನ ರೇವಾ ನೆನಪಾಯಿತು. 2001ರಲ್ಲೇ ಬೆಂಗಳೂರಿನ ರಸ್ತೆಗಿಳಿದ ಎರಡು ಬಾಗಿಲಿನ ಪುಟ್ಟ ಕಾರು ಅದು, ಒಳಗೆ ಲೆಡ್ ಆಸಿಡ್ ಬ್ಯಾಟರಿ. ಈ ಊರಿಗೆ ಚಿಕ್ಕ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ ಅನ್ನುವುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಕಾಮೆಟ್ ಮೂರು ಮೀಟರ್ ಉದ್ದವೂ ಇಲ್ಲ. 4.2 ಮೀಟರ್ ಟರ್ನಿಂಗ್ ರೇಡಿಯಸ್. ಚಿಕ್ಕಪೇಟೆ, ಗಾಂಧಿಬಜಾರ್ ಸುತ್ತಮುತ್ತ ಪಾರ್ಕಿಂಗ್ ಹುಡುಕಿದವರಿಗೆ ಅದರ ಬೆಲೆ ಗೊತ್ತು. ಒಬ್ಬರೋ ಇಬ್ಬರೋ ಓಡಾಡುವವರಿಗೆ ಅದೇ ಸರಿ ಅಂತ ಈಗಲೂ ಹೇಳುತ್ತೇನೆ. ಆದರೆ ಹಿಂದಿನ ಸೀಟಿಗೆ ಹೋಗಬೇಕು ಅಂದರೆ ಮುಂದಿನ ಸೀಟು ಮಡಚಿ ನುಗ್ಗಬೇಕು. ಅಮ್ಮನಿಗೆ ಮಂಡಿ ನೋವು. ಅವರನ್ನು ಯಾವಾಗಲೂ ಮುಂದೆ ಕೂರಿಸಿದರೂ, ಜೊತೆಗೆ ದೊಡ್ಡಮ್ಮ ಬಂದರೆ ಏನು ಮಾಡುವುದು? ನಮ್ಮ ಮನೆಗೆ ನಾಲ್ಕು ಬಾಗಿಲು ಬೇಕೇ ಬೇಕಿತ್ತು. ಅಲ್ಲಿಗೆ ತೀರ್ಮಾನವಾಯಿತು.

ಕಾಮೆಟ್‌ಗೆ 2024ರಲ್ಲಿ ಬ್ಯಾಟರಿ ಬಾಡಿಗೆ ಯೋಜನೆಯೂ ಬಂತು. ಶುರುವಿನಲ್ಲಿ ಕಾರಿಗೆ 4.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ ಎರಡೂವರೆ ರೂಪಾಯಿ ಇತ್ತು. ಕೈಯಿಂದ ಹಾಕುವ ದುಡ್ಡು ಕಡಿಮೆ, ನಿಜ. ಆದರೆ ಆ ದರದಲ್ಲೇ ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರು ಕರೆಂಟ್ ಬಿಲ್ ಜೊತೆಗೆ ಇನ್ನೂ 2,500 ಕಟ್ಟಬೇಕಿತ್ತು. ಪೆಟ್ರೋಲ್ ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಯಿತು. ಲೋನ್ ಸಿಗುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನು ಟಿಯಾಗೊದಲ್ಲೇ ಎರಡು ಬ್ಯಾಟರಿ ಇವೆ, 19.2 ಮತ್ತು 24. ಬಿಡುಗಡೆಯಾದಾಗ ಕಂಪನಿ ಹೇಳಿದ ಲೆಕ್ಕ 250 ಮತ್ತು 315 ಕಿ.ಮೀ. ಇದು ಲ್ಯಾಬ್‌ನಲ್ಲಿ ಒಂದು ನಿಗದಿತ ಸೈಕಲ್‌ನಲ್ಲಿ ಓಡಿಸಿ ಅಳೆಯುವ ಸಂಖ್ಯೆ. ಪೆಟ್ರೋಲ್ ಕಾರಿನ ಮೈಲೇಜ್ ಕೂಡ ಹೀಗೇ ಅಳೆಯುವುದು, ಅದನ್ನು ನಾವು ಯಾರೂ ಹಾಗೇ ನಂಬುವುದಿಲ್ಲ ಅಲ್ವಾ? ನನಗೆ ಊರೊಳಗೆ ಎ.ಸಿ. ಹಾಕಿಕೊಂಡು ಇನ್ನೂರರ ಆಸುಪಾಸು ಸಿಗುತ್ತದೆ. ದಿನಕ್ಕೆ ಐವತ್ತು ಕಿ.ಮೀ. ಓಡಾಡುವವನಿಗೆ ಇದು ಧಾರಾಳ. ಬರೀ ಮಕ್ಕಳ ಶಾಲೆ, ತರಕಾರಿ, ಹತ್ತಿರದ ಆಫೀಸು ಅಂದರೆ 19.2 ಸಾಕು. ಅದರಲ್ಲಿ ಮೋಟರ್ ಶಕ್ತಿಯೂ ಸ್ವಲ್ಪ ಕಡಿಮೆ, 45 ಕಿಲೋವ್ಯಾಟ್. 24ರದ್ದು 55. ವರ್ಷ ಕಳೆದ ಹಾಗೆ ಯಾವ ಬ್ಯಾಟರಿಯೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಏಳೆಂಟು ವರ್ಷ ಇಟ್ಟುಕೊಳ್ಳುವವರು 24ಕ್ಕೇ ಹೋಗುವುದು ಒಳ್ಳೆಯದು.

ಈಗ ಪ್ಲಗ್ ವಿಷಯಕ್ಕೆ ಬರುತ್ತೇನೆ. ಯಾರೂ ಸರಿಯಾಗಿ ಹೇಳದೆ ಬಿಡುವುದು ಇದನ್ನೇ.

ಕಾರಿನ ಜೊತೆ ಬರುವ ಕೇಬಲ್ ಮನೆಯ 15 ಆಂಪ್ ಸಾಕೆಟ್‌ಗೆ ಹಾಕಬಹುದು. ಗೀಸರ್‌ಗೆ ಇರುತ್ತದಲ್ಲ, ಅದೇ ದಪ್ಪ ಪಿನ್ನಿನದು. ಖಾಲಿ ಬ್ಯಾಟರಿ ತುಂಬಲು ಎಂಟೊಂಬತ್ತು ಗಂಟೆ ಬೇಕು. ಆದರೆ ಗೀಸರ್ ಓಡುವುದು ಹದಿನೈದಿಪ್ಪತ್ತು ನಿಮಿಷ. ಇದು ರಾತ್ರಿಯಿಡೀ ಎಳೆಯುತ್ತದೆ. ಹಳೇ ವೈರಿಂಗ್, ಸಡಿಲವಾದ ಸಾಕೆಟ್ ಇದ್ದರೆ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಬಂದವರೇ ಹಳೇ ಸಾಕೆಟ್ ನೋಡಿ, "ಇದು ಬೇಡ ಸಾರ್, ಮೀಟರ್ ಬೋರ್ಡಿಂದ ನೇರ ಬೇರೆ ಲೈನ್ ಎಳೆಯೋಣ" ಅಂದರು. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಒಳ್ಳೆ ಕಂಪನಿಯ ಇಂಡಸ್ಟ್ರಿಯಲ್ ಸಾಕೆಟ್. ವೈರಿನ ಮೇಲೆ ಜಿಪುಣತನ ಮಾಡಬೇಡಿ.

ಅದಕ್ಕಿಂತ ಮುಖ್ಯ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮಂಥ ಹಳೇ ಮನೆಗಳಲ್ಲಿ ಅರ್ಥ್ ಪಿಟ್ ಎಲ್ಲಿದೆ ಅನ್ನುವುದೇ ಮರೆತುಹೋಗಿರುತ್ತದೆ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಅರ್ಥ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹಾಗೆ ಮಾಡುವುದೇ ಸರಿ, ಅದು ನಮ್ಮ ಜೀವ ಉಳಿಸುವ ವ್ಯವಸ್ಥೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥ್ ಹಿಡಿತ ಕಡಿಮೆಯಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಅಮ್ಮ ತುಳಸಿಗೆ ನೀರು ಹಾಕಿದ ಮೇಲೆ ಉಳಿದದ್ದನ್ನು ಅರ್ಥ್ ಪಿಟ್‌ಗೆ ಸುರಿಯುತ್ತಾರೆ. ಅಷ್ಟು ಮಾಡಿದರೆ ಸಾಕು, ದೀಪ ಹಸಿರಿಗೆ ಬರುತ್ತದೆ.

ಆಮೇಲೆ ಲೋಡ್. ನಿಮ್ಮ ಬೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್, ಅಂದರೆ ಮನೆ ಒಂದೇ ಹೊತ್ತಿಗೆ ಎಳೆಯಬಹುದಾದ ಕರೆಂಟ್ ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ ಎರಡೋ ಮೂರೋ ಕಿಲೋವ್ಯಾಟ್ ಇರುತ್ತದೆ. ಕಾರೊಂದೇ ಹತ್ತಿರ ಹತ್ತಿರ ಮೂರು ಕಿಲೋವ್ಯಾಟ್ ಎಳೆದರೆ, ಬೆಳಿಗ್ಗೆ ಗೀಸರ್ ಹಾಕಿದ ತಕ್ಷಣ ಮೇನ್ ಬೀಳುತ್ತದೆ. ಲೋಡ್ ಜಾಸ್ತಿ ಮಾಡಿಸಿ. ನಾವು ರಾತ್ರಿ ಹತ್ತರ ಮೇಲೆ ಪ್ಲಗ್ ಹಾಕುತ್ತೇವೆ, ಬೆಳಿಗ್ಗೆ ಗೀಸರ್ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ.

ಗೃಹಜ್ಯೋತಿ ಇರುವವರು ಈ ಭಾಗ ಗಮನವಿಟ್ಟು ಓದಿ. 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಅನ್ನುವುದು ಎಲ್ಲರಿಗೂ ಗೊತ್ತು. ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆ ನೋಡಿ ಒಂದು ಮಿತಿ ಇಟ್ಟಿದ್ದಾರೆ. ಅದನ್ನು ದಾಟಿದರೆ ಜಾಸ್ತಿ ಬಳಸಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ನಮ್ಮ ಮನೆ ನೂರು ಯೂನಿಟ್ ಆಸುಪಾಸಿನದು. ಕಾರು ಸಾವಿರ ಕಿ.ಮೀ. ಓಡಿದ ತಿಂಗಳು ಇನ್ನೂ 130, 140 ಯೂನಿಟ್ ಸೇರುತ್ತದೆ. ಉಚಿತ ಕರೆಂಟ್ ಹೋಯಿತು. ಹಾಗಾಗಿ ಕಾರಿನ ಖರ್ಚು ಲೆಕ್ಕ ಹಾಕುವಾಗ ಕಾರಿಗೆ ಹೋದ ಯೂನಿಟ್ ಅಷ್ಟೇ ಸೇರಿಸಬೇಡಿ, ಅದುವರೆಗೆ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲನ್ನೂ ಸೇರಿಸಿ. ಇವಿ ಚಾರ್ಜ್ ಮಾಡುವುದಕ್ಕೆ ಬೇರೆ ದರದ ವರ್ಗವೇ ಇದೆ, ಅದಕ್ಕೆ ಪ್ರತ್ಯೇಕ ಮೀಟರ್ ಹಾಕಿಸಬೇಕು. ದಾಖಲೆಗಳನ್ನು ಕೇಳುತ್ತಾರೆ. ಕಾರು ಬುಕ್ ಮಾಡುವ ಮೊದಲೇ ನಿಮ್ಮ ಏರಿಯಾದ ಬೆಸ್ಕಾಂ ಸಬ್ ಡಿವಿಷನ್ ಆಫೀಸಿಗೆ ಹೋಗಿ ವಿಚಾರಿಸಿ.

ಇಷ್ಟೆಲ್ಲ ಸೇರಿಸಿದರೂ ಲಾಭ ದೊಡ್ಡದು. ಚಾರ್ಜ್ ಆಗುವಾಗ ಸ್ವಲ್ಪ ಕರೆಂಟ್ ನಷ್ಟವಾಗುತ್ತದೆ, ಹಾಗಾಗಿ ಪೂರ್ತಿ ತುಂಬಲು ಸುಮಾರು 27 ಯೂನಿಟ್ ಹಿಡಿಯಿರಿ. ಯೂನಿಟ್‌ಗೆ ಆರು ರೂಪಾಯಿ ಅಂದರೂ 160 ಚಿಲ್ಲರೆ. ಅಂದರೆ ಕಿ.ಮೀ.ಗೆ ಒಂದು ರೂಪಾಯಿಯೂ ಇಲ್ಲ. ಲೀಟರಿಗೆ ನೂರು ದಾಟಿದ ಪೆಟ್ರೋಲ್ ಹಾಕಿಸಿ, ನಮ್ಮ ಟ್ರಾಫಿಕ್‌ನಲ್ಲಿ ಹನ್ನೆರಡು ಹದಿಮೂರು ಮೈಲೇಜ್ ಕೊಡುವ ಕಾರಿಗೆ ಎಂಟು ರೂಪಾಯಿ ಬೀಳುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರ ಕಷ್ಟ ಬೇರೆ. ನಮ್ಮ ಅಕ್ಕ ಇವಿ ತಗೋಬೇಕು ಅಂತ ಹೊರಟಾಗ ಅವರ ಅಸೋಸಿಯೇಷನ್ ತಿಂಗಳುಗಟ್ಟಲೆ ಎಳೆದಾಡಿತು. ಬೇಸ್‌ಮೆಂಟ್‌ನಲ್ಲಿ ಬೆಂಕಿ ಹತ್ತುತ್ತದೆ ಅಂತ ಒಬ್ಬರು, ಎಲ್ಲರಿಗೂ ಕೊಡಲು ಲೋಡ್ ಇಲ್ಲ ಅಂತ ಇನ್ನೊಬ್ಬರು. ಕೊನೆಗೆ ಅಕ್ಕ ತಮ್ಮ ಮೀಟರ್‌ನಿಂದಲೇ ಪಾರ್ಕಿಂಗ್‌ವರೆಗೆ ಪೈಪಿನಲ್ಲಿ ಲೈನ್ ತರುತ್ತೇನೆ, ಖರ್ಚು ನನ್ನದೇ ಅಂತ ಬರೆದುಕೊಟ್ಟ ಮೇಲೆ ಒಪ್ಪಿದರು. ಲೋಡ್ ಬಗ್ಗೆ ಭಯ ನ್ಯಾಯವಾದದ್ದೇ, ಅದನ್ನು ಕೂತು ಮಾತಾಡಿ ಬಗೆಹರಿಸಬೇಕು. ಸುಮ್ನೆ ಬೇಡ ಅನ್ನುವುದು ಮಾತ್ರ ಸರಿಯಲ್ಲ. ಬಾಡಿಗೆ ಮನೆಯವರು ಓನರ್ ಹತ್ತಿರ ಬಾಯಿಮಾತಿನಲ್ಲಿ ಬಿಡದೆ ಅಗ್ರಿಮೆಂಟ್‌ನಲ್ಲೇ ಪ್ಲಗ್ ವಿಷಯ ಬರೆಸಿಕೊಳ್ಳಿ.

ಓಡಿಸುವ ಅನುಭವ ಹೇಳುತ್ತೇನೆ. ನಾಯಂಡಹಳ್ಳಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಸಂಜೆ ಹೊತ್ತಿನಲ್ಲಿ ಬಂದವರಿಗೆ ಕ್ಲಚ್ ಒತ್ತಿ ಒತ್ತಿ ಎಡಗಾಲು ಹೇಗೆ ನೋಯುತ್ತದೆ ಅಂತ ಗೊತ್ತು. ಆ ನೋವು ಹೋಯಿತು. ಸಿಗ್ನಲ್‌ನಲ್ಲಿ ನಿಂತಾಗ ಮೋಟರ್ ಏನೂ ತಿನ್ನುವುದಿಲ್ಲ, ಎ.ಸಿ. ಒಂದೇ. ಪೆಟ್ರೋಲ್ ಕಾರು ಎಲ್ಲಿ ಅತಿ ಹೆಚ್ಚು ಹಾಳು ಮಾಡುತ್ತದೋ ಅಲ್ಲೇ ಇದು ಅತಿ ಕಡಿಮೆ ಖರ್ಚು ಮಾಡುತ್ತದೆ. ಗೇರ್ ಡಯಲ್ ಹತ್ತಿರ ರೀಜೆನ್ ಬಟನ್ ಇದೆ, ಸೊನ್ನೆಯಿಂದ ಮೂರರವರೆಗೆ. ಮೂರಕ್ಕೆ ಇಟ್ಟರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಕಾರು ಹಿಡಿದು ನಿಧಾನವಾಗುತ್ತದೆ, ಆ ಶಕ್ತಿ ಬ್ಯಾಟರಿಗೆ ವಾಪಸ್. ನಮ್ಮ ಬಡಾವಣೆಯ ಹಂಪ್‌ಗಳಿಗೆ ಬ್ರೇಕ್ ಮುಟ್ಟುವುದೇ ಅಪರೂಪ. ಆದರೆ ಹಿಂದೆ ಕೂತವರಿಗೆ ಎಳೆದ ಹಾಗಾಗುತ್ತದೆ. ಅಮ್ಮ ಇದ್ದಾಗ ಒಂದಕ್ಕೆ ಇಳಿಸುತ್ತೇನೆ. ಒಂದು ಎಚ್ಚರಿಕೆ: ರಾತ್ರಿ 100ಕ್ಕೆ ಚಾರ್ಜ್ ಮಾಡಿದ ಬೆಳಿಗ್ಗೆ ಮೊದಲ ಸ್ವಲ್ಪ ದೂರ ರೀಜೆನ್ ಹಿಡಿತ ಕಡಿಮೆ ಇರುತ್ತದೆ, ಏಕೆಂದರೆ ತುಂಬಿದ ಬ್ಯಾಟರಿಗೆ ಇನ್ನೂ ತುಂಬಲು ಜಾಗ ಇರುವುದಿಲ್ಲ. ಆಗ ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ.

ಇನ್ನೊಂದು ಎಚ್ಚರಿಕೆ, ಸದ್ದಿಲ್ಲದಿರುವುದು. ಗಲ್ಲಿಗಳಲ್ಲಿ ವಯಸ್ಸಾದವರು, ಕ್ರಿಕೆಟ್ ಆಡುವ ಮಕ್ಕಳು, ರಸ್ತೆ ಮಧ್ಯೆ ಮಲಗಿದ ನಾಯಿಗಳು, ಯಾರಿಗೂ ಕಾರು ಬಂದದ್ದು ಗೊತ್ತಾಗುವುದಿಲ್ಲ. ನಾವೇ ನಿಧಾನ ಮಾಡಬೇಕು.

ಮಳೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬ್ಯಾಟರಿ ಮತ್ತು ಮೋಟರ್‌ಗೆ ಐಪಿ67 ಇದೆ (ಧೂಳು, ನೀರು ಒಳಗೆ ಹೋಗದಂತೆ ತಡೆಯುವ ರೇಟಿಂಗ್), ಮಳೆಗಾಲದ ನೀರಿಗೆ ಭಯ ಬೇಡ. ಆದರೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಯಾವ ಕಾರನ್ನೂ ಇಳಿಸಬೇಡಿ. ಇನ್ನು ಸಾಮಾನಿನ ವಿಷಯ. ಡಿಕ್ಕಿ 240 ಲೀಟರ್, ಎರಡು ಸೂಟ್‌ಕೇಸ್‌ಗೆ ಮುಗಿಯಿತು.

ಮೈಸೂರಿಗೆ ಹೋಗಿಬಂದಿದ್ದೇವೆ. ಎಕ್ಸ್‌ಪ್ರೆಸ್‌ವೇನಲ್ಲಿ ಎಂಬತ್ತರಲ್ಲಿ ಹೋದರೆ ಒಂದೇ ಚಾರ್ಜ್‌ನಲ್ಲಿ ಮುಟ್ಟಬಹುದು. ನೂರಕ್ಕೆ ಒತ್ತಿದರೆ ಬ್ಯಾಟರಿ ಶೇಕಡಾ ಸರಸರ ಇಳಿಯುತ್ತದೆ, ಗಾಳಿಯನ್ನು ತಳ್ಳುವುದಕ್ಕೇ ಅಷ್ಟು ಶಕ್ತಿ ಬೇಕು. ಫಾಸ್ಟ್ ಚಾರ್ಜರ್‌ನಲ್ಲಿ 10ರಿಂದ 80ಕ್ಕೆ ಸುಮಾರು ಒಂದು ಗಂಟೆ. ಚಾರ್ಜರ್ ಸಿಕ್ಕಿದರೆ ತಿಂಡಿ ಮುಗಿಸಿ ಬರುವಷ್ಟರಲ್ಲಿ ಆಗುತ್ತದೆ. ಸಿಗದಿದ್ದರೆ ಕಷ್ಟ. ಒಮ್ಮೆ ಆ್ಯಪ್‌ನಲ್ಲಿ ಹಸಿರು ತೋರಿಸುತ್ತಿದ್ದ ಚಾರ್ಜರ್ ಹತ್ತಿರ ಹೋದರೆ ಕಾರಿಗೆ ಸಿಕ್ಕಿಸುವ ಗನ್ ಕೆಟ್ಟಿತ್ತು. ವ್ಯಾಲೆಟ್‌ಗೆ ಹಾಕಿದ ದುಡ್ಡು ವಾಪಸ್ ಪಡೆಯಲು ವಾರಗಟ್ಟಲೆ ಮೇಲ್ ಬರೆಯಬೇಕಾಯಿತು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಇದು ಬದಲಾಗಲೇಬೇಕು. ವಾರವಾರ ಊರಿಗೆ ಹೋಗುವವರಿಗೆ, ಇದೊಂದೇ ಕಾರು ಅನ್ನುವವರಿಗೆ ನಾನು ಇಷ್ಟು ಚಿಕ್ಕ ಬ್ಯಾಟರಿಯ ಕಾರು ಹೇಳುವುದಿಲ್ಲ.

ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಸರ್ವೀಸ್ ಬಿಲ್‌ಗಳನ್ನೆಲ್ಲ ಒಂದು ಫೈಲ್‌ನಲ್ಲಿ ಇಟ್ಟಿದ್ದೇನೆ, ನೀವೂ ಇಡಿ. ನಾಳೆ ಮಾರುವಾಗ ತಗೊಳ್ಳುವವರು ಮೊದಲು ಕೇಳುವುದು ಬ್ಯಾಟರಿ ವಿಷಯವನ್ನೇ.

ಈಗ ಮತ್ತೆ ತಗೊಳ್ಳುವುದಾದರೂ ಇದೇ 24ರ ಬ್ಯಾಟರಿ, ಮನೆಯಲ್ಲಿ 3.3 ಕಿಲೋವ್ಯಾಟ್ ವೇಗದಲ್ಲಿ ಚಾರ್ಜ್ ಆಗುವುದನ್ನೇ ತಗೊಳ್ಳುತ್ತೇನೆ. 7.2 ಕಿಲೋವ್ಯಾಟ್‌ನದಕ್ಕೆ ಬಿಡುಗಡೆಯಾದಾಗ 50,000 ಜಾಸ್ತಿ ಇತ್ತು. ಮೂರೂವರೆ ಗಂಟೆಯಲ್ಲಿ ತುಂಬುತ್ತದೆ, ಸರಿ. ಆದರೆ ಮನೆಯ ಲೋಡ್ ಅಷ್ಟು ಏರಿಸಬೇಕು, ರಾತ್ರಿಯಿಡೀ ನಿಂತಿರುವ ಕಾರಿಗೆ ಆ ಅವಸರ ಯಾಕೆ? ಆ ದುಡ್ಡಿನಲ್ಲಿ ಸ್ವಲ್ಪ ಭಾಗ ಒಳ್ಳೆ ವೈರಿಗೆ, ಹೊಸ ಅರ್ಥ್ ಪಿಟ್‌ಗೆ ಹಾಕಿ. ಡೆಲಿವರಿ ದಿನಾಂಕಕ್ಕೆ ಒಂದು ವಾರ ಮೊದಲೇ ಎಲೆಕ್ಟ್ರಿಷಿಯನ್‌ನ ಕರೆಸಿ.